ಎಳೆ ಕಡಿದರೆ ನಿಲ್ಲುವ ಮಗ್ಗ: ಟೊಯೊಟಾದ ಇತಿಹಾಸ ಮತ್ತು ಮಾಲೀಕರ ಅನುಭವ

ಕೆಲವು ವರ್ಷಗಳ ಹಿಂದೆ ಹೊಸ ಕಾರು ಕೊಳ್ಳಲು ಹೊರಟವರು ಪೆಟ್ರೋಲೋ ಡೀಸೆಲೋ ಎಂಬುದನ್ನು ತೀರ್ಮಾನಿಸಿಕೊಂಡರೆ ಅರ್ಧ ಕೆಲಸ ಮುಗಿಯುತ್ತಿತ್ತು. ಈಗ ಷೋರೂಮಿನ ಬಾಗಿಲು ದಾಟುತ್ತಿದ್ದಂತೆಯೇ ಮೈಲ್ಡ್ ಹೈಬ್ರಿಡ್, ಸ್ಟ್ರಾಂಗ್ ಹೈಬ್ರಿಡ್, ಎಲೆಕ್ಟ್ರಿಕ್ ಎಂಬ ಮಾತುಗಳು ಕಿವಿಗೆ ಬೀಳುತ್ತವೆ, ಮತ್ತು ಹೈಬ್ರಿಡ್ ವಿಷಯ ಬಂದಾಗಲೆಲ್ಲ ಟೊಯೊಟಾ ಹೆಸರೂ ಬರುತ್ತದೆ. ಹತ್ತು ವರ್ಷ ಓಡಿದ ಇನ್ನೋವಾಕ್ಕೆ ಇಷ್ಟೊಂದು ಬೆಲೆ ಏಕೆ, ಮಾರುತಿಯ ಬಲೆನೊದಂತೆಯೇ ಕಾಣುವ ಕಾರಿನ ಮೇಲೆ ಟೊಯೊಟಾ ಗುರುತು ಏಕಿದೆ, ಚಾರ್ಜ್ ಮಾಡಬೇಕಿಲ್ಲದ ಕಾರು ವಿದ್ಯುತ್ತಿನಲ್ಲಿ ಓಡುವುದು ಹೇಗೆ ಎಂಬ ಪ್ರಶ್ನೆಗಳನ್ನು ಕೊಳ್ಳುವವರು ಮತ್ತೆ ಮತ್ತೆ ಕೇಳುತ್ತಾರೆ. ಇವುಗಳಿಗೆ ಉತ್ತರ ಹುಡುಕಲು ನಾವು ಮೊದಲು ಕಾರನ್ನು ಬಿಟ್ಟು ಮಗ್ಗದ ಹತ್ತಿರ ಹೋಗಬೇಕು.

ಬಡಗಿಯ ಮಗ ಮತ್ತು ಅವನ ಮಗ್ಗ

ಸಾಕಿಚಿ ಟೊಯೊಡಾ 1867ರಲ್ಲಿ ಜಪಾನಿನ ಈಗಿನ ಶಿಜುವೊಕಾ ಪ್ರಾಂತ್ಯದ ಒಂದು ಹಳ್ಳಿಯಲ್ಲಿ ಬಡಗಿಯ ಮಗನಾಗಿ ಹುಟ್ಟಿದರು. ಹಳ್ಳಿಯ ಹೆಂಗಸರು ಕೈಮಗ್ಗದಲ್ಲಿ ನೇಯುತ್ತಿದ್ದುದನ್ನು ನೋಡುತ್ತ ಬೆಳೆದ ಅವರು ಆ ಕೆಲಸವನ್ನು ಹಗುರಗೊಳಿಸುವ ದಾರಿಗಳನ್ನು ಹುಡುಕತೊಡಗಿ, 1891ರಲ್ಲಿ ತಮ್ಮ ಮರದ ಕೈಮಗ್ಗಕ್ಕೆ ಪೇಟೆಂಟ್ ಪಡೆದರು. ಅವರ ಹೆಸರು ಉಳಿಯಲು ಕಾರಣವಾದದ್ದು ಮಾತ್ರ ಅದಾದ ನಂತರದ ಒಂದು ಸುಧಾರಣೆ.

ಮಗ್ಗದ ಮನೆಯನ್ನು ಕಂಡವರಿಗೆ ಅದರ ಮಹತ್ವ ಬೇಗ ತಿಳಿಯುತ್ತದೆ. ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ನಡುವೆ ಲಾಳಿಯು ಹೊಕ್ಕಿನ ಎಳೆಯನ್ನು ಒಯ್ಯುತ್ತದೆ. ಯಂತ್ರಮಗ್ಗ ಓಡುತ್ತಿರುವಾಗ ಒಂದು ಎಳೆ ಕಡಿದದ್ದು ಯಾರ ಕಣ್ಣಿಗೂ ಬೀಳದಿದ್ದರೆ, ಅಲ್ಲಿಂದ ಮುಂದೆ ನೇಯ್ದ ಬಟ್ಟೆಯೆಲ್ಲ ದೋಷದ ಬಟ್ಟೆಯೇ ಆಗುತ್ತದೆ. ಆದ್ದರಿಂದ ಪ್ರತಿ ಮಗ್ಗದ ಮುಂದೆಯೂ ಒಬ್ಬರು ಕಣ್ಣಿಟ್ಟು ನಿಲ್ಲಬೇಕಾಗುತ್ತಿತ್ತು. ಸಾಕಿಚಿ 1896ರಲ್ಲಿ ರೂಪಿಸಿದ ಯಂತ್ರಮಗ್ಗವು ಹೊಕ್ಕಿನ ಎಳೆ ಕಡಿದ ಕೂಡಲೇ ತಾನಾಗಿ ನಿಲ್ಲುತ್ತಿತ್ತು. 1924ರಲ್ಲಿ ಪೂರ್ಣಗೊಂಡ ಅವರ ‘ಜಿ’ ಮಾದರಿಯ ಸ್ವಯಂಚಾಲಿತ ಮಗ್ಗ ಓಟ ನಿಲ್ಲಿಸದೆಯೇ ಲಾಳಿಯನ್ನು ಬದಲಿಸಿಕೊಳ್ಳುತ್ತಿತ್ತು, ಎಳೆ ಕಡಿದರೆ ಮಾತ್ರ ನಿಲ್ಲುತ್ತಿತ್ತು. ಯಂತ್ರವೇ ಎಚ್ಚರವಾಗಿದ್ದುದರಿಂದ ಒಬ್ಬರೇ ಹಲವಾರು ಮಗ್ಗಗಳನ್ನು ನೋಡಿಕೊಳ್ಳುವುದು ಸಾಧ್ಯವಾಯಿತು.

ತಪ್ಪಾದ ಕ್ಷಣವೇ ನಿಲ್ಲಬೇಕು, ತಪ್ಪನ್ನು ಮುಂದಕ್ಕೆ ಸಾಗಲು ಬಿಡಬಾರದು ಎಂಬ ಈ ಎಣಿಕೆಗೆ ಜಪಾನಿ ಭಾಷೆಯಲ್ಲಿ ‘ಜಿದೋಕಾ’ ಎನ್ನುತ್ತಾರೆ. ಟೊಯೊಟಾ ಕಾರುಗಳ ಒಳ್ಳೆಯ ಹೆಸರಿಗೂ ಆ ಕಂಪನಿ ಎಡವಿದ ಪ್ರಸಂಗಗಳಿಗೂ ಈ ಒಂದು ಎಣಿಕೆಯೇ ಕೀಲಿಕೈ ಎಂದು ನನಗೆ ತೋರುತ್ತದೆ.

ಮಗ್ಗದ ಕಾರ್ಖಾನೆಯಲ್ಲಿ ಮೋಟಾರು

ಈ ಮಗ್ಗಗಳನ್ನು ತಯಾರಿಸಲು 1926ರಲ್ಲಿ ಐಚಿ ಪ್ರಾಂತ್ಯದ ಕಾರಿಯಾದಲ್ಲಿ ಒಂದು ಕಂಪನಿ ಆರಂಭವಾಯಿತು. ಅದರ ಇಂದಿನ ಹೆಸರು ಟೊಯೊಟಾ ಇಂಡಸ್ಟ್ರೀಸ್. ಲೇಖನದ ಕೊನೆಯಲ್ಲಿ ಈ ಹೆಸರು ಮತ್ತೆ ಬರಲಿದೆ. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಎಂಬ ಜವಳಿ ಯಂತ್ರಗಳ ಕಂಪನಿಯು ಮಗ್ಗದ ಪೇಟೆಂಟ್ ಹಕ್ಕಿಗಾಗಿ 1 ಲಕ್ಷ ಪೌಂಡ್ ಕೊಡಲು ಒಪ್ಪಿತು. ಪಶ್ಚಿಮದಿಂದ ಯಂತ್ರಗಳನ್ನು ತರಿಸಿಕೊಳ್ಳುತ್ತಿದ್ದ ದೇಶದ ತಂತ್ರಜ್ಞಾನವನ್ನು ಇಂಗ್ಲೆಂಡಿನವರೇ ಕೊಂಡದ್ದು ಅಂದಿಗೆ ದೊಡ್ಡ ಸಂಗತಿ.

ಸಾಕಿಚಿಯವರ ಮಗ ಕೀಚಿರೋ ಟೊಯೊಡಾ ಅವರಿಗೆ ಮೋಟಾರು ವಾಹನದಲ್ಲಿ ಆಸಕ್ತಿಯಿತ್ತು. ಅವರ ಪ್ರಯತ್ನದಿಂದ 1933ರಲ್ಲಿ ಮಗ್ಗದ ಕಂಪನಿಯೊಳಗೆ ಮೋಟಾರು ವಿಭಾಗ ತೆರೆಯಿತು, 1935ರಲ್ಲಿ ಮೊದಲ ಟ್ರಕ್ಕು, 1936ರಲ್ಲಿ ‘ಎಎ’ ಎಂಬ ಕಾರು ಹೊರಬಂದವು. ಟೊಯೊಡಾ ಎಂಬ ಮನೆತನದ ಹೆಸರು ಟೊಯೊಟಾ ಆದದ್ದೂ 1936ರಲ್ಲಿಯೇ: ಜಪಾನಿನ ಕಟಕಾನಾ ಲಿಪಿಯಲ್ಲಿ ಟೊಯೊಟಾ ಎಂದು ಬರೆಯಲು ಎಂಟು ಗೀಟುಗಳು ಬೇಕು, ಎಂಟು ಅಲ್ಲಿ ಶುಭಸಂಖ್ಯೆ. ಮರುವರ್ಷ, 1937ರಲ್ಲಿ, ಟೊಯೊಟಾ ಮೋಟಾರ್ ಪ್ರತ್ಯೇಕ ಕಂಪನಿಯಾಯಿತು.

ಯುದ್ಧಾನಂತರದ ದಿನಗಳು ಕಠಿಣವಾಗಿದ್ದವು. 1950ರ ಹೊತ್ತಿಗೆ ಕಂಪನಿಯು ದಿವಾಳಿಯ ಅಂಚಿಗೆ ಬಂದು, ಕಾರ್ಮಿಕರನ್ನು ಕಡಿಮೆ ಮಾಡಬೇಕಾಗಿ ಬಂದಾಗ ಮುಷ್ಕರ ನಡೆಯಿತು. ಹೊಣೆ ಹೊತ್ತು ಕೀಚಿರೋ ಅಧ್ಯಕ್ಷ ಸ್ಥಾನವನ್ನು ಬಿಟ್ಟರು. ಅದೇ ವರ್ಷ ಕೊರಿಯಾ ಯುದ್ಧ ಆರಂಭವಾಗಿ ಅಮೆರಿಕದ ಸೇನೆ ಟ್ರಕ್ಕುಗಳನ್ನು ಕೊಂಡದ್ದರಿಂದ ಕಂಪನಿ ಚೇತರಿಸಿಕೊಂಡಿತಾದರೂ, 1952ರಲ್ಲಿ ತೀರಿಕೊಂಡ ಕೀಚಿರೋ ಅದರ ಮುಂದಿನ ಬೆಳವಣಿಗೆಯನ್ನು ಕಾಣಲಿಲ್ಲ. ಆ ಬೆಳವಣಿಗೆಯೂ ನೆಟ್ಟಗಿನ ದಾರಿಯಲ್ಲಿ ಸಾಗಲಿಲ್ಲ. 1955ರಲ್ಲಿ ಬಂದ ಕ್ರೌನ್ ಕಾರನ್ನು ಎರಡು ವರ್ಷಗಳ ನಂತರ ಅಮೆರಿಕಕ್ಕೆ ಕಳುಹಿಸಿದಾಗ, ಜಪಾನಿನ ಒರಟು ರಸ್ತೆಗಳಿಗಾಗಿ ಮಾಡಿದ ಆ ಕಾರು ಅಲ್ಲಿನ ಹೆದ್ದಾರಿಗಳ ವೇಗವನ್ನು ತಾಳಿಕೊಳ್ಳಲಿಲ್ಲ. ಸಾಮಾನ್ಯ ಕುಟುಂಬದ ಕಾರಾಗಿ ಕೊರೊಲಾ ಬಂದದ್ದು 1966ರಲ್ಲಿ.

ದರ್ಶಿನಿಯ ಟೋಕನ್, ಬಸ್ಸಿನ ಹಗ್ಗ

ಟೊಯೊಟಾ ಕಾರ್ಖಾನೆಗಳ ಕೆಲಸದ ಪದ್ಧತಿಯನ್ನು ಇಂದು ಕಾರಿಗೆ ಸಂಬಂಧವೇ ಇಲ್ಲದ ಉದ್ಯಮಗಳೂ ಅಧ್ಯಯನ ಮಾಡುತ್ತವೆ. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ತಾಯಿಚಿ ಓನೋ ಮೊದಲು ಟೊಯೊಡಾ ಮನೆತನದ ನೂಲು ಮತ್ತು ನೇಯ್ಗೆಯ ಕಂಪನಿಯಲ್ಲಿ ದುಡಿದು, 1943ರಲ್ಲಿ ಕಾರಿನ ಕಂಪನಿಗೆ ಬಂದವರು. ಮಗ್ಗದ ಪಾಠ ಅವರ ಜೊತೆಗೇ ಬಂತು.

ಪದ್ಧತಿಗೆ ಎರಡು ಕಂಬಗಳಿವೆ. ಮೊದಲನೆಯದು, ಬೇಕಾದ ವಸ್ತುವನ್ನು ಬೇಕಾದಾಗ ಬೇಕಾದಷ್ಟೇ ತಯಾರಿಸುವುದು. ನಮ್ಮ ದರ್ಶಿನಿ ಹೋಟೆಲುಗಳಲ್ಲಿ ಕೌಂಟರಿನಲ್ಲಿ ಹಣ ಕೊಟ್ಟರೆ ಟೋಕನ್ ಸಿಗುತ್ತದೆ, ಟೋಕನ್ ಕೊಟ್ಟ ಮೇಲೆ ಹಂಚಿನ ಮೇಲೆ ಹಿಟ್ಟು ಬೀಳುತ್ತದೆ. ಬೆಳಿಗ್ಗೆಯೇ ಇನ್ನೂರು ಮಸಾಲೆ ದೋಸೆ ಹುಯ್ದು ರಾಶಿ ಹಾಕಿದರೆ ಅರ್ಧ ತಣ್ಣಗಾಗುತ್ತದೆ, ಉಳಿದದ್ದು ಹಾಳಾಗುತ್ತದೆ, ಮತ್ತು ಹಿಟ್ಟಿನಲ್ಲಿ ಉಪ್ಪು ಹೆಚ್ಚಾಗಿದ್ದರೆ ಇನ್ನೂರೂ ಕೆಟ್ಟ ಮೇಲೆಯೇ ತಿಳಿಯುತ್ತದೆ. ಟೊಯೊಟಾ ಕಾರ್ಖಾನೆಯಲ್ಲಿ ಟೋಕನ್ನಿನ ಕೆಲಸವನ್ನು ‘ಕಾನ್‌ಬಾನ್’ ಎಂಬ ಚೀಟಿ ಮಾಡುತ್ತದೆ: ಮುಂದಿನ ಹಂತದವರು ಬಿಡಿಭಾಗಗಳನ್ನು ಬಳಸಿದಂತೆಲ್ಲ ಚೀಟಿ ಹಿಂದಿನ ಹಂತಕ್ಕೆ ಮರಳುತ್ತದೆ, ಚೀಟಿ ಬಂದಷ್ಟೇ ಹೊಸ ಭಾಗಗಳು ತಯಾರಾಗುತ್ತವೆ. ದಾಸ್ತಾನು ಕಡಿಮೆಯಿರುವುದರಿಂದ ದೋಷ ಅಡಗಿ ಕೂರಲು ಜಾಗ ಸಿಗುವುದಿಲ್ಲ.

ಎರಡನೆಯ ಕಂಬ ನಾವು ಮಗ್ಗದಲ್ಲಿ ಕಂಡ ಜಿದೋಕಾ. ಹಿಂದೆ ನಮ್ಮ ಬಸ್ಸುಗಳಲ್ಲಿ ನಿರ್ವಾಹಕರು ಹಗ್ಗ ಎಳೆದು ಗಂಟೆ ಬಾರಿಸಿದರೆ ಚಾಲಕರು ಬಸ್ ನಿಲ್ಲಿಸುತ್ತಿದ್ದುದನ್ನು ನೆನಪಿಸಿಕೊಳ್ಳಿ. ಟೊಯೊಟಾದ ಜೋಡಣೆಯ ಸಾಲಿನಲ್ಲಿಯೂ ಅಂಥದೇ ಹಗ್ಗವಿತ್ತು. ಬೋಲ್ಟು ಸರಿಯಾಗಿ ಕೂರದಿದ್ದರೆ ಅಲ್ಲಿರುವ ಕಾರ್ಮಿಕರು ಅದನ್ನು ಎಳೆಯುತ್ತಾರೆ, ‘ಆಂದೋನ್’ ಎಂಬ ದೀಪದ ಫಲಕದಲ್ಲಿ ತೊಂದರೆಯ ಜಾಗ ಬೆಳಗುತ್ತದೆ, ಮುಂದಾಳು ಓಡಿ ಬರುತ್ತಾರೆ, ನಿಗದಿತ ಅವಧಿಯೊಳಗೆ ಸರಿಹೋಗದಿದ್ದರೆ ಸಾಲು ನಿಲ್ಲುತ್ತದೆ. ಸಾವಿರಾರು ಜನ ದುಡಿಯುವ ಕಾರ್ಖಾನೆಯ ಓಟವನ್ನು ನಿಲ್ಲಿಸುವ ಅಧಿಕಾರ ಅತ್ಯಂತ ಕೆಳಗಿನ ಹುದ್ದೆಯವರ ಕೈಯಲ್ಲಿರುವುದು ಈ ಪದ್ಧತಿಯ ಜೀವಾಳ.

ನಿಂತ ಮೇಲೆ ಕಾರಣವನ್ನು ಹುಡುಕಬೇಕು. ಅದಕ್ಕೆ ಓನೋ ಹೇಳಿದ ಕ್ರಮ, ‘ಏಕೆ’ ಎಂದು ಐದು ಬಾರಿ ಕೇಳುವುದು. ಯಂತ್ರ ನಿಂತದ್ದು ಏಕೆ? ಫ್ಯೂಸ್ ಹೋಯಿತು. ಅದೇಕೆ? ಬೇರಿಂಗಿಗೆ ಎಣ್ಣೆ ಸಾಲದೆ ಹೊರೆ ಹೆಚ್ಚಾಯಿತು. ಅದೇಕೆ? ಎಣ್ಣೆಯ ಪಂಪು ಸರಿಯಾಗಿ ಎಳೆಯುತ್ತಿರಲಿಲ್ಲ. ಅದೇಕೆ? ಪಂಪಿನ ದಂಡ ಸವೆದಿತ್ತು. ಅದೇಕೆ? ಜಾಲರಿ ಇಲ್ಲದ್ದರಿಂದ ಲೋಹದ ಚೂರುಗಳು ಒಳಗೆ ಸೇರಿದವು. ಮೊದಲ ಉತ್ತರಕ್ಕೇ ತೃಪ್ತರಾದವರು ಫ್ಯೂಸ್ ಬದಲಿಸಿ ಸುಮ್ಮನಾಗುತ್ತಿದ್ದರು. ಬೇಕಾಗಿದ್ದದ್ದು ಒಂದು ಜಾಲರಿ.

ಬಿಡದಿಗೆ ಬಂದದ್ದು

ಕರ್ನಾಟಕದಲ್ಲಿಯೂ ಈ ಬಳಗ ಮೊದಲು ಬಂದದ್ದು ನೂಲಿನ ಮೂಲಕವೇ. 1995ರಲ್ಲಿ ಕಿರ್ಲೋಸ್ಕರ್ ಸಮೂಹದ ಜೊತೆ ಸೇರಿ ಬೆಂಗಳೂರು ಬಳಿಯ ಜಿಗಣಿಯಲ್ಲಿ ನೂಲುವ ಯಂತ್ರಗಳ ಕಂಪನಿ ಸ್ಥಾಪನೆಯಾಯಿತು. ಕಿರ್ಲೋಸ್ಕರ್ ಹೆಸರು ಇಲ್ಲಿಗೆ ಹೊಸದಲ್ಲ: ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದವರು, ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಮಧ್ಯ ಕರ್ನಾಟಕದ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿತ್ತು. 1997ರಲ್ಲಿ ವಿಕ್ರಮ್ ಕಿರ್ಲೋಸ್ಕರ್ ಅವರ ಸಹಭಾಗಿತ್ವದಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಹುಟ್ಟಿತು. ಇಂದು ಅದರಲ್ಲಿ ಟೊಯೊಟಾದ ಪಾಲು ಶೇ 89, ಕಿರ್ಲೋಸ್ಕರ್ ಪಾಲು ಶೇ 11. ಮೈಸೂರು ರಸ್ತೆಯಲ್ಲಿ ತಟ್ಟೆ ಇಡ್ಲಿಗೆ ಹೆಸರಾದ ಬಿಡದಿಯ ಬಳಿ ಎದ್ದ ಕಾರ್ಖಾನೆಯಲ್ಲಿ 1999ರ ಕೊನೆಗೆ ಉತ್ಪಾದನೆ ಆರಂಭವಾಗಿ, 2000ದ ಜನವರಿಯಲ್ಲಿ ಕ್ವಾಲಿಸ್ ರಸ್ತೆಗಿಳಿಯಿತು.

ಕ್ವಾಲಿಸ್ ಹೊಸ ವಿನ್ಯಾಸವಾಗಿರಲಿಲ್ಲ. ಇಂಡೊನೇಷ್ಯಾದಲ್ಲಿ 1977ರಿಂದ ಓಡುತ್ತಿದ್ದ ಕಿಜಾಂಗ್ ಎಂಬ ಸರಳ ವಾಹನದ ಮೂರನೆಯ ತಲೆಮಾರನ್ನು ಇಲ್ಲಿಗೆ ತಕ್ಕಂತೆ ಬದಲಿಸಿ ತರಲಾಗಿತ್ತು. ಪೆಟ್ಟಿಗೆಯಂಥ ಆಕಾರ, ಹಳೆಯ ಕಾಲದ ಒಳಾಂಗಣ. ಆದರೆ ಅದರ ಡೀಸೆಲ್ ಎಂಜಿನ್ನಿನಲ್ಲಿ ಒಂದು ಗುಟ್ಟಿತ್ತು: ಗಾತ್ರ 2.4 ಲೀಟರ್, ಶಕ್ತಿ ಸುಮಾರು 75 ಅಶ್ವಶಕ್ತಿ ಮಾತ್ರ. ಗಾತ್ರಕ್ಕೆ ಹೋಲಿಸಿದರೆ ಶಕ್ತಿ ಕಡಿಮೆ ಎಂದರೆ ಎಂಜಿನ್ನಿನ ಭಾಗಗಳು ತಮ್ಮ ಮಿತಿಗಿಂತ ಬಹಳ ಕೆಳಗೆ ದುಡಿಯುತ್ತಿವೆ ಎಂದರ್ಥ, ಐವತ್ತು ಕೆ.ಜಿ. ಹೊರಬಲ್ಲವರಿಗೆ ಇಪ್ಪತ್ತು ಕೆ.ಜಿ. ಹೊರಿಸಿದಂತೆ. ಬೆಂಗಳೂರಿನಲ್ಲಿ ಕಾಲ್‌ಸೆಂಟರ್‌ಗಳು ತಲೆಯೆತ್ತುತ್ತಿದ್ದ ಆ ವರ್ಷಗಳಲ್ಲಿ ರಾತ್ರಿಯಿಡೀ ಸಿಬ್ಬಂದಿಯನ್ನು ಸಾಗಿಸಿದ ಕ್ವಾಲಿಸ್‌ಗಳನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಿಲ್ಲ. ಮಾರಾಟ ಚೆನ್ನಾಗಿದ್ದಾಗಲೇ ಅದನ್ನು ನಿಲ್ಲಿಸಿ 2005ರಲ್ಲಿ ಇನ್ನೋವಾ ತರಲಾಯಿತು. 2016ರಲ್ಲಿ ಇನ್ನೋವಾ ಕ್ರಿಸ್ಟಾ ಬಂತು, 2022ರ ಕೊನೆಯಲ್ಲಿ ಇನ್ನೋವಾ ಹೈಕ್ರಾಸ್ ಅನಾವರಣಗೊಂಡಿತು.

ಮಾಲೀಕರು ಏನು ಹೇಳುತ್ತಾರೆ

ಹಳದಿ ಬೋರ್ಡಿನ ಚಾಲಕರನ್ನು ಕೇಳಿದರೆ ಇನ್ನೋವಾದ ಬಗ್ಗೆ ಬರುವ ಮೊದಲ ಮಾತು ಲಕ್ಷಗಳಲ್ಲಿರುತ್ತದೆ: ಮೂರು ಲಕ್ಷ, ನಾಲ್ಕು ಲಕ್ಷ ಕಿಲೋಮೀಟರ್ ಆದರೂ ಎಂಜಿನ್ ಬಿಚ್ಚಿಲ್ಲ ಎಂಬುದು. ಬಾಡಿಗೆಗೆ ಓಡಿಸುವವರಿಗೆ ವಾಹನ ಗ್ಯಾರೇಜಿನಲ್ಲಿ ನಿಂತ ದಿನ ಸಂಪಾದನೆಯೂ ನಿಲ್ಲುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಅವರು ವಾಹನವನ್ನು ಅಳೆಯುವುದು ಅದು ನಿಲ್ಲದ ದಿನಗಳಿಂದ. ಕುಟುಂಬಗಳು ಹೇಳುವುದು ಬೇರೆ: ಧರ್ಮಸ್ಥಳಕ್ಕೋ ತಿರುಪತಿಗೋ ಏಳೆಂಟು ಜನ ಹೋಗುವಾಗ ಮೂರನೆಯ ಸಾಲಿನಲ್ಲಿ ಕೂತ ಅಜ್ಜಿಗೂ ಮೊಣಕಾಲು ನೋಯಲಿಲ್ಲ ಎಂಬುದು. ಇವೆರಡೂ ಸೇರಿ ಹಳೆಯ ವಾಹನದ ಬೆಲೆಯನ್ನು ಹಿಡಿದು ನಿಲ್ಲಿಸಿವೆ. ಕೊಳ್ಳುವಾಗ ಹೆಚ್ಚು ಕೊಟ್ಟರೂ ಮಾರುವಾಗ ಹೆಚ್ಚು ಬರುವುದರಿಂದ, ನಡುವಿನ ವರ್ಷಗಳ ನಿಜವಾದ ಖರ್ಚು ಷೋರೂಮಿನ ಬೆಲೆಯಷ್ಟು ದೊಡ್ಡದಾಗಿ ಉಳಿಯುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದೇ ಕಾರಣಕ್ಕೆ ಎಚ್ಚರದಿಂದಿರಬೇಕು. ಬೇಡಿಕೆ ಇರುವ ವಾಹನದ ಮೀಟರನ್ನೇ ಹಿಂದಕ್ಕೆ ತಿರುಗಿಸುವ ಆಸೆ ಹೆಚ್ಚು, ಸರ್ವಿಸ್ ದಾಖಲೆಗಳನ್ನು ನೋಡದೆ ಮುಂಗಡ ಕೊಡಬಾರದು.

ದೂರುಗಳೂ ಇವೆ. ಅದೇ ಬೆಲೆಗೆ ಬೇರೆ ಕಂಪನಿಗಳು ಕೊಡುವ ಸೌಲಭ್ಯಗಳು ಇಲ್ಲಿ ತಡವಾಗಿ ಬರುತ್ತವೆ, ಒಳಗಿನ ಪ್ಲಾಸ್ಟಿಕ್ ಬೆಲೆಗೆ ತಕ್ಕಂತಿಲ್ಲ, ಬುಕ್ ಮಾಡಿ ತಿಂಗಳುಗಟ್ಟಲೆ ಕಾಯಬೇಕು ಎಂಬುವು ಹೆಚ್ಚಾಗಿ ಕೇಳಿಬರುವ ಮಾತುಗಳು. 2010ರ ಡಿಸೆಂಬರಿನಲ್ಲಿ ಭಾರತಕ್ಕಾಗಿಯೇ ರೂಪಿಸಿ ತಂದ ಎಟಿಯೋಸ್ ಇದಕ್ಕೆ ಒಳ್ಳೆಯ ನಿದರ್ಶನ. ವಿಶಾಲವಾದ, ಗಟ್ಟಿಮುಟ್ಟಾದ ಆ ಕಾರನ್ನು ಟ್ಯಾಕ್ಸಿ ಚಾಲಕರು ಒಪ್ಪಿಕೊಂಡರು. ಮನೆಗೆ ಕೊಳ್ಳುವವರು ಅದರ ಬರಿದಾದ ಒಳಾಂಗಣವನ್ನು ಒಪ್ಪಲಿಲ್ಲ. 2020ರಲ್ಲಿ ಅದರ ಮಾರಾಟ ಕೊನೆಗೊಂಡಿತು.

ಒಂದು ಕಾರು, ಎರಡು ಹೆಸರು

ಸಣ್ಣ ಕಾರಿನಲ್ಲಿ ಟೊಯೊಟಾ ದುರ್ಬಲವಾಗಿತ್ತು, ಹೈಬ್ರಿಡ್‌ನಲ್ಲಿ ಸುಜುಕಿ ದುರ್ಬಲವಾಗಿತ್ತು. ಎರಡೂ ಕಂಪನಿಗಳು ಮಾಡಿಕೊಂಡ ಒಪ್ಪಂದದಂತೆ 2019ರಲ್ಲಿ ಬಲೆನೊ ಕಾರು ಗ್ಲಾಂಜಾ ಎಂಬ ಹೆಸರಿನಲ್ಲಿ ಟೊಯೊಟಾ ಷೋರೂಮಿಗೆ ಬಂತು. ಇನ್ನೊಂದು ದಿಕ್ಕಿನಿಂದ, ಬಿಡದಿಯಲ್ಲಿ ತಯಾರಾಗುವ ಹೈಕ್ರಾಸ್ ಅನ್ನು ಮಾರುತಿ ಸುಜುಕಿ ಇನ್ವಿಕ್ಟೊ ಎಂದು ಮಾರುತ್ತದೆ; ಟೊಯೊಟಾದ ಹೈರೈಡರ್ ಮತ್ತು ಮಾರುತಿಯ ಗ್ರ್ಯಾಂಡ್ ವಿಟಾರಾ ಕೂಡ ಅವಳಿಗಳೇ. ಗ್ಲಾಂಜಾ ಕೊಳ್ಳುವವರು ತಿಳಿದಿರಬೇಕಾದದ್ದು ಇಷ್ಟು: ಎಂಜಿನ್ ಮತ್ತು ದೇಹ ಸುಜುಕಿಯವು, ವಾರಂಟಿ ಮತ್ತು ಸರ್ವಿಸ್ ಟೊಯೊಟಾದವು. ಇನ್ನೋವಾದ ಬಾಳಿಕೆಯನ್ನು ಕೇಳಿ ಅದೇ ನಿರೀಕ್ಷೆಯಿಂದ ಇದನ್ನು ಕೊಳ್ಳುವುದು ಸರಿಯಾದ ಲೆಕ್ಕವಲ್ಲ.

ಚಾರ್ಜ್ ಬೇಡದ ವಿದ್ಯುತ್

ಪೆಟ್ರೋಲ್ ಎಂಜಿನ್ನು ಹದವಾದ ವೇಗದಲ್ಲಿ, ಹದವಾದ ಹೊರೆಯಲ್ಲಿ ಓಡುವಾಗ ಇಂಧನವನ್ನು ಚೆನ್ನಾಗಿ ಬಳಸುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಅದು ಸುಡುವುದೆಲ್ಲ ವ್ಯರ್ಥ, ಆಮೆಯಂತೆ ತೆವಳುವಾಗಲೂ ಬಹುಪಾಲು ವ್ಯರ್ಥ. ವಿದ್ಯುತ್ ಮೋಟಾರಿಗೆ ಈ ದೋಷವಿಲ್ಲ. ಇಬ್ಬರನ್ನೂ ಒಂದೇ ಕಾರಿನಲ್ಲಿ ದುಡಿಸಿ, ಯಾರಿಗೆ ಯಾವುದು ಸುಲಭವೋ ಆ ಕೆಲಸವನ್ನು ಅವರಿಗೆ ಕೊಡುವುದೇ ಹೈಬ್ರಿಡ್. ಮೈಲ್ಡ್ ಹೈಬ್ರಿಡ್‌ನಲ್ಲಿ ಮೋಟಾರು ಎಂಜಿನ್ನಿಗೆ ಕೈ ಜೋಡಿಸುತ್ತದೆಯಷ್ಟೇ, ತಾನೊಂದೇ ಕಾರನ್ನು ಎಳೆಯಲಾರದು. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಎಂಜಿನ್ ಪೂರ್ತಿ ನಿಂತಿದ್ದರೂ ಮೋಟಾರು ಕಾರನ್ನು ಸ್ವಲ್ಪ ದೂರ ಓಡಿಸಬಲ್ಲದು.

ವಿದ್ಯುತ್ ಎಲ್ಲಿಂದ ಬರುತ್ತದೆ? ಹಳೆಯ ಸೈಕಲ್ಲಿನ ಡೈನಮೋವನ್ನು ನೆನೆಯಿರಿ. ಅದನ್ನು ಟೈರಿಗೆ ತಾಗಿಸಿದ ಕೂಡಲೇ ದೀಪ ಹತ್ತುತ್ತದೆ, ಪೆಡಲು ಭಾರವಾಗುತ್ತದೆ. ಆ ಭಾರವೇ ಬ್ರೇಕ್. ಹೈಬ್ರಿಡ್ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಮೋಟಾರು ಡೈನಮೋ ಆಗಿ ತಿರುಗಿ, ಚಕ್ರದ ವೇಗವನ್ನು ತಗ್ಗಿಸುತ್ತ ಬ್ಯಾಟರಿಯನ್ನು ತುಂಬುತ್ತದೆ. ಸಾಮಾನ್ಯ ಕಾರಿನಲ್ಲಿ ಬಿಸಿಯಾಗಿ ಹೋಗುತ್ತಿದ್ದ ಶಕ್ತಿ ಇಲ್ಲಿ ಮತ್ತೆ ಬಳಕೆಗೆ ಬರುತ್ತದೆ. ಸಾಲದಿದ್ದರೆ ಎಂಜಿನ್ನೂ ಒಂದಿಷ್ಟು ತುಂಬಿಕೊಡುತ್ತದೆ. ಬ್ಯಾಟರಿ ಚಿಕ್ಕದು: ಹೈರೈಡರ್ ಹೈಬ್ರಿಡ್‌ನ ಬ್ಯಾಟರಿಯಲ್ಲಿ ಹಿಡಿಯುವುದು 0.76 ಯೂನಿಟ್, ಅಂದರೆ ಮನೆಯ ಕರೆಂಟ್ ಬಿಲ್ಲಿನ ಒಂದು ಯೂನಿಟ್ಟಿಗಿಂತ ಕಡಿಮೆ. ಅದು ತುಂಬಿ ಇಡುವ ಹಗೇವಲ್ಲ, ದಿನದ ಬಳಕೆಯ ಬಿಂದಿಗೆ. ಕ್ಷಣಕ್ಷಣಕ್ಕೂ ತುಂಬುತ್ತ ಬರಿದಾಗುತ್ತ ಇರುತ್ತದೆ.

ಟೊಯೊಟಾ ಇದನ್ನು 1997ರ ಡಿಸೆಂಬರಿನಲ್ಲಿ ಪ್ರಿಯಸ್ ಕಾರಿನಲ್ಲಿ ಮಾರುಕಟ್ಟೆಗೆ ತಂದಿತು. ಎಂಜಿನ್ ಮತ್ತು ಎರಡು ಮೋಟಾರುಗಳನ್ನು ಒಂದು ಹಲ್ಲುಚಕ್ರಗಳ ಕೂಟ ಬೆಸೆಯುತ್ತದೆ. ನಡುವೆ ಸೂರ್ಯನಂತೆ ಒಂದು ಚಕ್ರ, ಸುತ್ತ ಗ್ರಹಗಳಂತೆ ಕೆಲವು, ಹೊರಗೆ ಒಂದು ಬಳೆ. ಇದರಿಂದಾಗಿ ಕಾರಿಗೆ ಕ್ಲಚ್ಚಾಗಲಿ ಒಂದು, ಎರಡು, ಮೂರು ಎಂಬ ಗೇರುಗಳಾಗಲಿ ಬೇಕಿಲ್ಲ, ಸವೆಯುವ ಭಾಗಗಳೂ ಕಡಿಮೆ.

ಓಡಿಸುವವರ ಅನುಭವ ಈ ವಿವರಣೆಗೆ ಹೊಂದುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಂಥ ಕಡೆ ಮೈಲೇಜ್ ಚೆನ್ನಾಗಿ ಬರುತ್ತದೆ, ಹೆದ್ದಾರಿಯಲ್ಲಿ ಒಂದೇ ಸಮನೆ ವೇಗವಾಗಿ ಹೋದರೆ ಲಾಭ ಇಳಿಯುತ್ತದೆ. ಹೈರೈಡರ್ ಹೈಬ್ರಿಡ್‌ಗೆ ಪ್ರಯೋಗಾಲಯದ ಅಂಕಿ ಲೀಟರಿಗೆ 27.97 ಕಿ.ಮೀ.; ನಿತ್ಯದ ಓಡಾಟದಲ್ಲಿ ಅಷ್ಟನ್ನೇ ನಿರೀಕ್ಷಿಸಬಾರದು. ಬ್ಯಾಟರಿ ಹಿಂಬದಿಯಲ್ಲಿರುವುದರಿಂದ ಅದರ ಡಿಕ್ಕಿಯ ಜಾಗ ಕಡಿಮೆ. ಜೋರಾಗಿ ಒತ್ತಿದಾಗ ವೇಗಕ್ಕಿಂತ ಮೊದಲು ಎಂಜಿನ್ನಿನ ಸದ್ದು ಏರುವುದು ಕೆಲವರಿಗೆ ಹಿಡಿಸುವುದಿಲ್ಲ. ಇನ್ನು ಕ್ರಿಸ್ಟಾ ಮತ್ತು ಹೈಕ್ರಾಸ್ ನಡುವೆ ಆಯ್ಕೆ ಮಾಡುವವರು ಒಂದನ್ನು ಗಮನಿಸಬೇಕು: ಕ್ರಿಸ್ಟಾ ಲಾರಿಯಂತೆ ಪ್ರತ್ಯೇಕ ಉಕ್ಕಿನ ಚಾಸಿಯ ಮೇಲೆ ಕೂತು ಹಿಂದಿನ ಚಕ್ರಗಳಿಂದ ಓಡುವ ಡೀಸೆಲ್ ವಾಹನ, ಹೈಕ್ರಾಸ್ ಕಾರಿನಂತೆ ಒಂದೇ ದೇಹದ, ಮುಂದಿನ ಚಕ್ರಗಳಿಂದ ಓಡುವ ಪೆಟ್ರೋಲ್ ವಾಹನ. ಹೆಸರು ಒಂದೇ ಆದರೂ ಒಂದರ ಅನುಭವ ಇನ್ನೊಂದಕ್ಕೆ ಸಾಕ್ಷಿಯಾಗದು.

ಎಳೆ ಕಡಿದರೂ ನಿಲ್ಲದ ಸಂದರ್ಭಗಳು

2008ರಲ್ಲಿ ಟೊಯೊಟಾ ಮಾರಾಟದಲ್ಲಿ ಜನರಲ್ ಮೋಟಾರ್ಸ್ ಅನ್ನು ಹಿಂದಿಕ್ಕಿತು. ಮರುವರ್ಷವೇ ಅಮೆರಿಕದಲ್ಲಿ ಆಕ್ಸಿಲರೇಟರ್ ಪೆಡಲು ನೆಲಹಾಸಿಗೆ ಸಿಕ್ಕಿಕೊಳ್ಳುವ, ಒತ್ತಿದ್ದು ಮೇಲೇಳದೆ ಉಳಿಯುವ ದೂರುಗಳು ಪ್ರಾಣಹಾನಿಯ ಹಂತಕ್ಕೆ ಮುಟ್ಟಿ, ಲಕ್ಷಾಂತರ ಕಾರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. 2010ರ ಫೆಬ್ರವರಿಯಲ್ಲಿ ಕೀಚಿರೋ ಅವರ ಮೊಮ್ಮಗ, ಕಂಪನಿಯ ಆಗಿನ ಅಧ್ಯಕ್ಷ ಅಕಿಯೋ ಟೊಯೊಡಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಹಾಜರಾಗಿ, ಕಂಪನಿ ಅತಿವೇಗವಾಗಿ ಬೆಳೆದಿರಬಹುದು ಎಂದು ಒಪ್ಪಿಕೊಂಡರು. ಗ್ರಾಹಕರಿಗೆ ತಪ್ಪು ಮಾಹಿತಿ ಕೊಟ್ಟದ್ದಕ್ಕಾಗಿ 2014ರಲ್ಲಿ ಕಂಪನಿ 120 ಕೋಟಿ ಡಾಲರ್ ದಂಡ ತೆತ್ತಿತು.

2023ರ ಡಿಸೆಂಬರಿನಲ್ಲಿ ಟೊಯೊಟಾದ ಪೂರ್ಣ ಒಡೆತನದ ದೈಹಾತ್ಸು ಕಂಪನಿಯ 64 ಮಾದರಿಗಳ ಪ್ರಮಾಣೀಕರಣ ಪರೀಕ್ಷೆಗಳಲ್ಲಿ ಅಕ್ರಮ ಬಯಲಾಯಿತು. ಹೊಸ ಮಾದರಿಗಳನ್ನು ಬೇಗ ಮುಗಿಸಬೇಕೆಂಬ ಅತಿಯಾದ ಒತ್ತಡದಲ್ಲಿ ಸಿಬ್ಬಂದಿ ದೋಷವನ್ನು ಮೇಲಿನವರಿಗೆ ಹೇಳಲಾಗದೆ ಹೋದರು ಎಂಬುದು ತನಿಖಾ ಸಮಿತಿ ಕಂಡ ಮುಖ್ಯ ಕಾರಣ. ಜೋಡಣೆಯ ಸಾಲಿನ ಕಾರ್ಮಿಕರಿಗೆ ಕೊಟ್ಟ ಹಗ್ಗ ಪರೀಕ್ಷಾ ವಿಭಾಗದವರ ಕೈಯಲ್ಲಿ ಇರಲಿಲ್ಲ.

ಅದರ ಮರುತಿಂಗಳೇ, 2024ರ ಜನವರಿ 29ರಂದು, ಟೊಯೊಟಾ ಇಂಡಸ್ಟ್ರೀಸ್ ತಯಾರಿಸುವ ಕೆಲವು ಡೀಸೆಲ್ ಎಂಜಿನ್ನುಗಳ ಅಶ್ವಶಕ್ತಿಯ ಪರೀಕ್ಷೆಯಲ್ಲಿಯೂ ಅಂಥದೇ ತಪ್ಪು ನಡೆದಿದೆ ಎಂದು ಪ್ರಕಟವಾಯಿತು: ಉತ್ಪಾದನೆಯಲ್ಲಿ ಬಳಸುವ ತಂತ್ರಾಂಶದ ಬದಲು ಬೇರೆ ತಂತ್ರಾಂಶ ಹಾಕಿ, ಅಂಕಿಗಳ ಏರಿಳಿತ ಸಮನಾಗಿ ಕಾಣುವಂತೆ ಮಾಡಲಾಗಿತ್ತು. ಮಾರಾಟವಾದ ಎಂಜಿನ್ನುಗಳು ನಿಗದಿತ ಶಕ್ತಿಯನ್ನೇ ಕೊಡುತ್ತಿವೆ, ಮಾಲೀಕರು ವಾಹನ ಬಳಸುವುದನ್ನು ನಿಲ್ಲಿಸಬೇಕಿಲ್ಲ ಎಂದು ಟೊಯೊಟಾ ತಿಳಿಸಿತು. ಭಾರತದಲ್ಲಿ ಇನ್ನೋವಾ ಕ್ರಿಸ್ಟಾ, ಫಾರ್ಚುನರ್ ಮತ್ತು ಹೈಲಕ್ಸ್ ವಾಹನಗಳ ರವಾನೆಯನ್ನು ತಡೆಹಿಡಿದು, ಫೆಬ್ರವರಿಯಲ್ಲಿ ಮತ್ತೆ ಆರಂಭಿಸಲಾಯಿತು. ಆ ದಿನಗಳಲ್ಲಿ ಕ್ರಿಸ್ಟಾ ಬುಕ್ ಮಾಡಿ ಕಾಯುತ್ತಿದ್ದವರಿಗೆ ಕಾರಿಯಾ ಎಂಬ ಊರಿನ ಹೆಸರು ಕೇಳಿ ಗೊತ್ತಿರಲಾರದು. ಆದರೆ ಅವರ ವಾಹನದ ಎಂಜಿನ್ನಿನ ಕಂಪನಿ, 1926ರಲ್ಲಿ ಅಲ್ಲಿ ಎಳೆ ಕಡಿದರೆ ನಿಲ್ಲುವ ಮಗ್ಗಗಳನ್ನು ಮಾಡಲೆಂದು ಹುಟ್ಟಿದ ಕಂಪನಿಯೇ.